ಎರಡು ಕೆನ್ನೆಗಳ ಮೊಕದ್ದಮೆ

ಬೇರೆಯವರ ಮನೆಯ ವಿಷಯದಲ್ಲಿ ತಲೆ ಹಾಕುವ ಅಭ್ಯಾಸ ನನಗಿಲ್ಲ. ಆದರೆ ನನ್ನ ಕೆಲಸದ ಮೇಜು ಗೋಡೆಗೆ ಒತ್ತಿಕೊಂಡಿದೆ, ಆ ಗೋಡೆಯ ಆಚೆಗೆ ಪಕ್ಕದ ಮನೆಯವರ ಬಚ್ಚಲಿದೆ, ಮತ್ತು ಗೋಡೆ ಕಟ್ಟಿಸಿದವರು ಇಟ್ಟಿಗೆಯಲ್ಲಿ ಬಹಳ ಉಳಿತಾಯ ಮಾಡಿದ್ದಾರೆ. ನಾನು ಗಡಿಯಾರ ರಿಪೇರಿ ಮಾಡುವವನು. ಈ ಕೆಲಸಕ್ಕೆ ನಿಶ್ಶಬ್ದ ಬೇಕು, ನಿಶ್ಶಬ್ದವಿದ್ದಲ್ಲಿ ಕಿವಿ ತಾನಾಗಿಯೇ ಚುರುಕಾಗುತ್ತದೆ. ಇದರಲ್ಲಿ ನನ್ನ ತಪ್ಪೇನೂ ಕಾಣಿಸುವುದಿಲ್ಲ.

ಹಾಗಾಗಿ ಅವತ್ತು ಬೆಳಿಗ್ಗೆ ಗೋಡೆಯ ಆಚೆಯಿಂದ, "ಅಪ್ಪಾ ಬಿಡಪ್ಪಾ, ಉರಿಯುತ್ತೆ" ಎಂದು ಮಗು ಅತ್ತದ್ದು, "ಸುಮ್ನಿರು, ಇನ್ನೊಂದು ಸಲ, ಈ ಕೆನ್ನೆ ಒಂದು" ಎಂದು ಅಪ್ಪ ಹೇಳಿದ್ದು, ಎರಡೂ ನನಗೆ ಅಕ್ಷರ ಬಿಡದೆ ಕೇಳಿಸಿದವು. ಒಂದು ಕೈಗಡಿಯಾರದ ಹೊಟ್ಟೆ ಬಿಚ್ಚಿ ಕೂತಿದ್ದೆ. ಅದನ್ನು ಹಾಗೇ ಬಿಟ್ಟು, ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯದೆ, ಬೆಂಕಿಪೊಟ್ಟಣ ಕೇಳುವ ನೆವ ಮಾಡಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದೆ.

ಪಕ್ಕದ ಮನೆಯವನ ಪರಿಚಯ ಮಾಡಿಕೊಡಬೇಕು. ಅವನು ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸುವವನು. ಗಿರಾಕಿ ಹಳೇ ಬಾಗಿಲಿನದೊಂದು ಚಕ್ಕೆ ತಂದು 'ಇದೇ ಬಣ್ಣ ಬೇಕು' ಅಂದರೆ, ಅದನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಆ ಡಬ್ಬಿಯಿಂದ ಇಷ್ಟು ಈ ಡಬ್ಬಿಯಿಂದ ಅಷ್ಟು ಸುರಿದು, ಅದೇ ಬಣ್ಣ ಮಾಡಿ ಕೈಗಿಡುತ್ತಾನೆ. ಅಂಗಿಯ ಜೇಬಿನಲ್ಲಿ ಸದಾ ಒಂದು ಶೇಡ್ ಕಾರ್ಡ್ ಇರುತ್ತದೆ, ಬಣ್ಣಗಳ ಮಾದರಿ ಚೌಕಗಳಿರುವ, ಬೀಸಣಿಗೆಯಂತೆ ಬಿಚ್ಚಿಕೊಳ್ಳುವಂಥದ್ದು. ನಮ್ಮ ಕಟ್ಟಡದಲ್ಲಿ ಅವನನ್ನು ಎಲ್ಲರೂ ಶೇಡ್ ಕಾರ್ಡ್ ಎಂದೇ ಕರೆಯುತ್ತಾರೆ. ಸಾಧು ಮನುಷ್ಯ. ಅವನಿಗಿರುವುದು ಒಂದೇ ಜಂಬ: ಬಣ್ಣದ ವಿಷಯದಲ್ಲಿ ತನ್ನ ಕಣ್ಣು ತಪ್ಪುವುದೇ ಇಲ್ಲ ಎಂಬುದು. ಟೊಮ್ಯಾಟೊ ಕೊಳ್ಳುವಾಗಲೂ ಕಾರ್ಡ್ ಪಕ್ಕಕ್ಕಿಟ್ಟು ನೋಡಿ ಕೊಳ್ಳುತ್ತಾನೆ. ತರಕಾರಿಯವಳು ಅವನನ್ನು ಕಂಡರೆ ಬುಟ್ಟಿಗೆ ಗೋಣಿ ಮುಚ್ಚುತ್ತಾಳೆ.

ಇತ್ತೀಚೆಗೆ ಇನ್ನೊಂದು ಜಂಬವೂ ಸೇರಿಕೊಂಡಿತ್ತು. ಅವನ ಹೆಂಡತಿ ಆಫೀಸಿನ ಕೆಲಸದ ಮೇಲೆ ಬೇರೆ ಊರಿಗೆ ತರಬೇತಿಗೆ ಹೋಗಬೇಕಾಗಿ ಬಂತು. ಅವನ ಅತ್ತೆ ಮೊಮ್ಮಗಳನ್ನು ತಮ್ಮ ಮನೆಗೆ ಕರೆದುಕೊಂಡು ಹೋಗುವುದಾಗಿ ಹೇಳಿದರು. ಮೊಮ್ಮಗಳೆಂದರೆ ಆರು ವರ್ಷದ, ಉರುಟು ಮುಖದ, ಬಟಾಣಿ ಎಂಬ ಅಡ್ಡಹೆಸರಿನ ಹುಡುಗಿ. ಶೇಡ್ ಕಾರ್ಡ್ ಎದೆ ಉಬ್ಬಿಸಿ, "ಒಂದು ಮಗು ತಾನೇ ಅತ್ತೆ, ನಾನು ನೋಡ್ಕೊಳ್ತೀನಿ" ಅಂದುಬಿಟ್ಟ. ಅತ್ತೆ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಸರಿ. ಆದ್ರೆ ಮಗು ಮೈಮೇಲೆ ಒಂದೇ ಒಂದು ಗೀರು ಕಂಡ್ರೂ ನಾನು ಕರ್ಕೊಂಡು ಹೋಗ್ತೀನಿ. ನನ್ನ ಮಗಳು ವಾಪಸ್ ಬಂದ್ಮೇಲೂ ಮಗು ನನ್ನ ಹತ್ರಾನೇ ಇರುತ್ತೆ. ಆಮೇಲೆ ಮಾತಿಲ್ಲ" ಅಂದಿದ್ದರು. ಅತ್ತೆ ಜೀವಮಾನವೆಲ್ಲ ಗ್ರಂಥಾಲಯದಲ್ಲಿ ದುಡಿದವರು. ಹೇಳಿದ ಮಾತಿಗೂ ಕೊಟ್ಟ ಗಡುವಿಗೂ ತಪ್ಪಿದವರಲ್ಲ.

ಬಾಗಿಲು ತೆರೆಯಿತು. ಬಟಾಣಿ ಸ್ಟೂಲಿನ ಮೇಲೆ ಕೂತು, ಅಳು ನಿಲ್ಲಿಸಿ, ಬ್ರೆಡ್ ತಿನ್ನುತ್ತಿದ್ದಳು. ನನ್ನ ಭೂತಗನ್ನಡಿ ಕಂಡದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಎರಡೂ ಕೆನ್ನೆ ಕೆಂಪಗೆ ಧಗಧಗ ಅನ್ನುತ್ತಿದ್ದವು. ಅಲ್ಲೊಂದು ಇಲ್ಲೊಂದು ಗುಳ್ಳೆಯಲ್ಲ, ಪೂರ್ತಿ ಕೆನ್ನೆ. ಮೂಗು ಮಾಮೂಲಿ, ಹಣೆ ಮಾಮೂಲಿ, ಬಾಯಿಯ ಸುತ್ತ ಬಿಳಿಚಿಕೊಂಡ ಒಂದು ಉಂಗುರ. ಯಾರೋ ಎರಡೂ ಕೈ ಎತ್ತಿ ಒಟ್ಟಿಗೆ ಬಾರಿಸಿದರೆ ಹೇಗಾಗುತ್ತದೋ ಹಾಗೆ.

"ಗಡಿಯಾರದವರೇ, ಒಳ್ಳೇ ಹೊತ್ತಿಗೆ ಬಂದ್ರಿ" ಎಂದ ಶೇಡ್ ಕಾರ್ಡ್. ಕೈಯಲ್ಲಿ ಸೋಪು ಮತ್ತು ಎಣ್ಣೆ ಅದ್ದಿದ ಬಟ್ಟೆ. "ಇದು ಯಾವ ಬಣ್ಣ ಹೇಳಿ ನೋಡೋಣ."

"ಕೆಂಪು" ಎಂದೆ.

ಅವನಿಗೆ ನನ್ನ ಮೇಲೆ ಮರುಕ ಬಂತು. ಜೇಬಿನಿಂದ ಕಾರ್ಡ್ ತೆಗೆದು, ಬಿಚ್ಚಿ, ಒಂದು ಚೌಕವನ್ನು ಮಗಳ ಕೆನ್ನೆಗೆ ಒತ್ತಿ ಹಿಡಿದ. "ಅಗ್ನಿಶಾಮಕ ಠಾಣೆಯ ಬಾಗಿಲಿನ ಬಣ್ಣ. ನಿನ್ನೆ ನಾನೇ ಬೆರೆಸಿದ್ದು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಸಂಜೆ ಮನೆಗೆ ಬಂದವನು ಇವಳ ಎರಡೂ ಕೆನ್ನೆ ತಟ್ಟಿದೆ. ನನ್ನ ಕೈಯ ಬಣ್ಣ ಇವಳಿಗೆ ಹತ್ತಿದೆ. ಈಗ ಉಜ್ಜಿದ್ರೂ ಹೋಗ್ತಿಲ್ಲ. ಎಷ್ಟು ಗಟ್ಟಿ ಬಣ್ಣ ಅನ್ನೋದಕ್ಕೆ ಇದೇ ಸಾಕ್ಷಿ."

"ನಿಮ್ಮ ಕೈಯಲ್ಲಿ ಬಣ್ಣವೇ ಕಾಣಿಸ್ತಿಲ್ವಲ್ಲ?"

"ಹೇಗೆ ಕಾಣಿಸುತ್ತೆ? ಎಲ್ಲಾ ಅವಳಿಗೆ ಹತ್ತಿದೆಯಲ್ಲ."

ಹಿಂದಿನ ವಾರ ಮಗುವಿಗೆ ನೆಗಡಿ, ಸ್ವಲ್ಪ ಮೈ ಬೆಚ್ಚಗೆ ಇದ್ದದ್ದು ಗೋಡೆಯ ಮೂಲಕ ನನಗೆ ಗೊತ್ತಿತ್ತು. ಅದನ್ನು ನೆನಪಿಸಿದೆ. "ಅದು ಹೋಗಿ ಎಷ್ಟು ದಿನ ಆಯ್ತು" ಎಂದು ಅವನು ತಳ್ಳಿಹಾಕಿದ. ಬಟಾಣಿಯನ್ನು ಕೇಳಿದೆ, "ನೋವಿದೆಯಾ?" ಅವಳು ಬ್ರೆಡ್ ನುಂಗಿ, "ಅಪ್ಪ ಉಜ್ಜಿದ್ರೆ ಮಾತ್ರ" ಅಂದಳು.

ಇಷ್ಟರಲ್ಲಿ ಕೆಳಮನೆಯ ಆಪರೇಟರಮ್ಮ ಮೆಟ್ಟಿಲ ಮೇಲೆ ಪ್ರತ್ಯಕ್ಷರಾದರು. ಇವರು ನಿವೃತ್ತಿಯಾಗುವ ತನಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸವನ್ನು ಈಗಲೂ ಸಂಬಳವಿಲ್ಲದೆ ಮಾಡುತ್ತಾರೆ. ಅವರು ಮಗುವಿನ ಕೆನ್ನೆ ನೋಡಿದರು, ಶೇಡ್ ಕಾರ್ಡ್‌ನ ಕೈಯನ್ನು ನೋಡಿದರು, ನನ್ನ ಒಂಟಿ ಭೂತಗನ್ನಡಿಯನ್ನು ನೋಡಿದರು. ಒಂದು ಮಾತೂ ಆಡದೆ ಕೆಳಗಿಳಿದು ಹೋದರು. ಆಪರೇಟರಮ್ಮ ಮಾತಾಡದೆ ಹೋದದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ನನಗೆ ಆಗಲೇ ದಿಗಿಲಾಯಿತು.

ಬಟಾಣಿ ಸ್ಕೂಲಿಗೆ ಹೋದಳು. ಮಧ್ಯಾಹ್ನದೊಳಗೆ ಅಲ್ಲಿಂದ ಕರೆ ಬಂತು. ಶೇಡ್ ಕಾರ್ಡ್ ನನ್ನ ಬಾಗಿಲಿಗೆ ಬಂದು, "ಹೆಡ್‌ಮಿಸ್ ಕರೀತಿದ್ದಾರೆ. ನೀವೂ ಬನ್ನಿ, ಕಣ್ಣಾರೆ ನೋಡಿದವರು" ಅಂದ. ನನಗೆ ಕೆಲಸ ಬೇಕಾದಷ್ಟಿತ್ತು. ಆದರೂ ಏನಾಗುತ್ತದೋ ನೋಡಬೇಕೆಂಬ ಆಸೆ ತಡೆಯಲಾಗಲಿಲ್ಲ. ಬಾಗಿಲಿಗೆ 'ಈಗ ಬಂದೆ' ಫಲಕ ತೂಗುಹಾಕಿ ಹೊರಟೆ.

ಹೆಡ್‌ಮಿಸ್ಸಿನ ಕೋಣೆ ತಣ್ಣಗಿತ್ತು. ಮೇಜಿನ ಮೇಲೆ ಗ್ಲೋಬು, ಕಿಟಕಿಯಲ್ಲಿ ಒಂದು ಕಳ್ಳಿಗಿಡ, ಕುರ್ಚಿಯಲ್ಲಿ ಅವರು. ಬಟಾಣಿ ಮೂಲೆಯ ಬೆಂಚಿನ ಮೇಲೆ ಕಾಲು ಆಡಿಸುತ್ತಾ ಕೂತಿದ್ದಳು. ಕೆನ್ನೆಗಳು ಮತ್ತಷ್ಟು ಕೆಂಪಗಾಗಿದ್ದವು.

"ಮಗುವಿನ ಕೆನ್ನೆ ಮುಟ್ಟಿದ್ದೀರಾ?" ಎಂದು ಹೆಡ್‌ಮಿಸ್ ನೇರವಾಗಿ ಕೇಳಿದರು.

"ದಿನಾ ಮುಟ್ತೀನಿ ಮೇಡಂ" ಎಂದ ಶೇಡ್ ಕಾರ್ಡ್, ಹೆಮ್ಮೆಯಿಂದ. "ಬೆಳಿಗ್ಗೆ ಹೋಗುವಾಗ ಒಂದ್ಸಲ, ಸಂಜೆ ಬಂದ್ಮೇಲೆ ಒಂದ್ಸಲ. ಎರಡೂ ಕೈಯಲ್ಲಿ, ಒಟ್ಟಿಗೆ. ಅವಳು ಹುಟ್ಟಿದಾಗಿನಿಂದ ನಮ್ಮ ಮನೆ ಅಭ್ಯಾಸ. ಅದಿಲ್ದಿದ್ರೆ ಅವಳಿಗೆ ನಿದ್ದೇನೇ ಬರಲ್ಲ."

ಹೆಡ್‌ಮಿಸ್ಸಿನ ಪೆನ್ನು ಕೈಯಿಂದ ಜಾರಿತು. ನಾನು ಕೆಮ್ಮಿದೆ. ಕೆಮ್ಮು ಸಾಲದು ಅನ್ನಿಸಿ ಅವನ ಕಾಲು ತುಳಿದೆ. ಅವನು ನನ್ನತ್ತ ತಿರುಗಿ, "ಯಾಕೆ ಕಾಲು ತುಳೀತೀರಿ?" ಎಂದು ಎಲ್ಲರೆದುರು ಕೇಳಿದ.

"ಎಷ್ಟು ಜೋರಾಗಿ?" ಎಂದರು ಹೆಡ್‌ಮಿಸ್, ಬಹಳ ಮೆಲ್ಲಗೆ.

"ಹೀಗೆ ಹೇಳೋದು ಕಷ್ಟ. ತೋರಿಸ್ಲಾ?" ಎಂದವನೇ ಸುತ್ತ ನೋಡಿದ. ಆ ಕೋಣೆಯಲ್ಲಿ ಉಚಿತವಾಗಿ ಸಿಗುವ ಕೆನ್ನೆಗಳಿದ್ದದ್ದು ನನ್ನವೇ. ನಾನು ಬೇಡವೆನ್ನುವಷ್ಟರಲ್ಲಿ ಅವನ ಎರಡೂ ಕೈ ನನ್ನ ಮುಖದ ಮೇಲೆ ಬಂದವು. ನಿಜ ಹೇಳಬೇಕೆಂದರೆ ಹಿಟ್ಟು ತಟ್ಟಿದಷ್ಟು ಮೆತ್ತಗೆ. ಆದರೆ ಬರುವ ಕೈಗಳನ್ನು ಕಂಡು ನಾನು ಕಣ್ಣು ಮುಚ್ಚಿ ತಲೆ ತಗ್ಗಿಸಿದ್ದೆ. ಹೆಡ್‌ಮಿಸ್ ಗಮನಿಸಿದ್ದು ಅದನ್ನೇ. "ದೊಡ್ಡವರೇ ಇಷ್ಟು ಹೆದರ್ತಾರೆ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

"ನೋಡಿ, ಇವರ ಕೆನ್ನೆ ಕೆಂಪಾಗಿಲ್ಲ. ಯಾಕಂದ್ರೆ ಇವತ್ತು ನನ್ನ ಕೈಯಲ್ಲಿ ಬಣ್ಣ ಇಲ್ಲ" ಎಂದು ಶೇಡ್ ಕಾರ್ಡ್ ಜೇಬಿನ ಕಾರ್ಡ್ ತೆಗೆದು, ಬಿಚ್ಚಿ, ಅಗ್ನಿಶಾಮಕ ಠಾಣೆಯ ಬಾಗಿಲಿನ ವಿಷಯ ಶುರುಮಾಡಿದ. ಹೆಡ್‌ಮಿಸ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಒದ್ದೆ ಬಟ್ಟೆ ತರಿಸಿ, ಬಟಾಣಿಯ ಕೆನ್ನೆಯ ಮೇಲೆ ಹಗುರವಾಗಿ ಒರೆಸಿದರು. ಬಟ್ಟೆ ಬೆಳ್ಳಗೇ ಉಳಿಯಿತು. ಶೇಡ್ ಕಾರ್ಡ್ ಬಟ್ಟೆಯನ್ನೇ ನೋಡಿದ. ಅವನ ಮುಖದಲ್ಲಿ ಮೊದಲ ಸಲ ಒಂದು ಅನುಮಾನ ಸುಳಿಯಿತು. ನನ್ನ ಮುಖದಲ್ಲೂ ಸುಳಿದಿರಬೇಕು. ಬಣ್ಣವಲ್ಲ, ಏಟಲ್ಲ, ಹಾಗಾದರೆ ಏನು? ನನಗಂತೂ ಗಡಿಯಾರದ ಹೊಟ್ಟೆಯಲ್ಲಿ ಹೆಸರು ಗೊತ್ತಿಲ್ಲದ ಚಕ್ರವೊಂದು ಸಿಕ್ಕಷ್ಟು ಕುತೂಹಲವಾಯಿತು.

ಹೆಡ್‌ಮಿಸ್‌ಗೆ ಅಂಥ ಕುತೂಹಲವೇನೂ ಇರಲಿಲ್ಲ. ಅವರು ಫೋನ್ ಎತ್ತಿ ಮಗುವಿನ ಅಜ್ಜಿಗೆ ಕರೆ ಮಾಡಿದರು. ಆ ಕಡೆಯಿಂದ, "ಗೊತ್ತಾಯ್ತು, ಆಗಲೇ ಹೊರಟಿದ್ದೀನಿ" ಎಂಬ ಧ್ವನಿ ನನಗೂ ಕೇಳಿಸಿತು. ಆಪರೇಟರಮ್ಮ ಲೈನು ಮೊದಲೇ ಕೂಡಿಸಿದ್ದರು.

ನಾವು ಮನೆಗೆ ಬರುವ ಹೊತ್ತಿಗೆ ಅತ್ತೆ ಒಂದು ಖಾಲಿ ಸೂಟ್‌ಕೇಸಿನೊಂದಿಗೆ ಬಾಗಿಲಲ್ಲಿ ನಿಂತಿದ್ದರು. ಹಿಂದೆ ಮಾವ. ಮಾವ ಹಿಂದೆ ಬಸ್ ಓಡಿಸುತ್ತಿದ್ದವರು. ಹಾರ್ನ್ ಹೊಡೆಯದೆ ಊರು ಸುತ್ತಿದ ಮನುಷ್ಯ ಎಂದು ಅವರ ಖ್ಯಾತಿ. ಮನೆಯಲ್ಲೂ 'ಹೂಂ' ಎನ್ನುವುದಕ್ಕಿಂತ ಹೆಚ್ಚು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಕಿವಿಗೆ ಕೇಳಿಸಿಲ್ಲವೆಂದರೆ ಆಡಿಲ್ಲವೆಂದೇ ಅರ್ಥ.

ಅತ್ತೆ ಮೊಮ್ಮಗಳನ್ನು ಬೆಳಕಿಗೆ ನಿಲ್ಲಿಸಿದರು. ಓದಲು ಕೊಟ್ಟ ಪುಸ್ತಕ ವಾಪಸ್ ಬಂದಾಗ ಹಾಳೆ ಹರಿದಿದೆಯೇ ಎಂದು ತಿರುವಿ ನೋಡುವಂತೆ ಮುಂದೆ, ಹಿಂದೆ, ಪಕ್ಕಕ್ಕೆ ತಿರುಗಿಸಿ ನೋಡಿದರು.

"ಎರಡೂ ಕೆನ್ನೆ" ಎಂದರು ಕೊನೆಗೆ. "ಇದು ನನಗೆ ಹೊಸದಲ್ಲಪ್ಪ. ಇವರೂ ಒಂದ್ಸಲ ನನ್ನ ಚಿಕ್ಕಮಗಳಿಗೆ ಹೀಗೇ ಹೊಡೆದಿದ್ರು. ಅವಳಾಗ ಇಷ್ಟೇ ಇದ್ಲು. ನಾನು ಗ್ರಂಥಾಲಯದಿಂದ ಬರೋಷ್ಟ್ರಲ್ಲಿ ಎರಡೂ ಕೆನ್ನೆ ಕೆಂಡ. ಅವತ್ತಿನಿಂದ ಇವರ ಹತ್ರ ಒಂದು ಮಗೂನೂ ಒಂಟಿಯಾಗಿ ಬಿಟ್ಟಿಲ್ಲ ನಾನು. ಮಕ್ಕಳನ್ನೂ ಇಲ್ಲ, ಮೊಮ್ಮಗಳನ್ನೂ ಇಲ್ಲ. ಅಲ್ವೇನ್ರಿ?"

"ಹೂಂ" ಎಂದರು ಮಾವ. ಬಟಾಣಿಯ ತಲೆ ಸವರಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಜೇಬಿನಲ್ಲಿ ಇಟ್ಟುಕೊಂಡರು.

"ಅತ್ತೆ, ನಾನು ಹೊಡೆದಿಲ್ಲ" ಎಂದ ಶೇಡ್ ಕಾರ್ಡ್. ಈಗ ಅವನ ದನಿಯಲ್ಲಿ ಬಣ್ಣದ ಮಾತಿರಲಿಲ್ಲ. ಹೆಂಡತಿಗೆ ಫೋನ್ ಮಾಡಿ ಅತ್ತೆಯ ಕೈಗೆ ಕೊಟ್ಟ. ಆ ಕಡೆಯಿಂದ ಅವಳು, "ಅಮ್ಮ, ಅವರಿಗೆ ಸೊಳ್ಳೆ ಹೊಡೆಯೋಕೂ ಗುರಿ ಇಲ್ಲ. ಎರಡೂ ಕೆನ್ನೆಗೆ ಸರಿಯಾಗಿ ಹೊಡೆಯೋದು ಅವರ ಕೈಲಾಗೋ ಕೆಲಸಾನಾ?" ಅಂದಳು. ಇದು ಬೆಂಬಲವೋ ಅವಮಾನವೋ ತಿಳಿಯದೆ ಅವನು ಅತ್ತೆಯ ಮುಖ ನೋಡಿದ. ಅತ್ತೆ ಫೋನ್ ಇಟ್ಟು, "ಗಂಡನ್ನ ಬಿಟ್ಟುಕೊಡಲ್ಲ, ಸಹಜ" ಎಂದು ಸೂಟ್‌ಕೇಸ್ ತೆರೆದರು.

ಬಟಾಣಿಯ ಬಟ್ಟೆಗಳು ಒಂದೊಂದಾಗಿ ಒಳಗೆ ಹೋಗತೊಡಗಿದವು. ಶೇಡ್ ಕಾರ್ಡ್ ಪ್ರತಿಯೊಂದನ್ನೂ ಕಣ್ಣಿನಲ್ಲೇ ಬೀಳ್ಕೊಡುತ್ತಿದ್ದ. ಅವನನ್ನು ನೋಡಿ ನನಗೆ ಸಂಕಟವಾಯಿತು. ಬೆಂಕಿಪೊಟ್ಟಣ ವಾಪಸ್ ಕೊಡುವ ನೆವದಲ್ಲಿ ಬಾಗಿಲಲ್ಲೇ ಉಳಿದೆ. ಆಪರೇಟರಮ್ಮ ಯಾವ ನೆವವೂ ಇಲ್ಲದೆ ನನ್ನ ಹಿಂದೆ ನಿಂತಿದ್ದರು.

ಹೊರಡುವ ಮೊದಲು ಮಗುವಿಗೆ ಬಿಸಿನೀರಿನ ಸ್ನಾನ ಮಾಡಿಸಿಬಿಡೋಣವೆಂದು ಅತ್ತೆ ಬಚ್ಚಲಿಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತು ನೀರಿನ ಸದ್ದು. ಆಮೇಲೆ ಅದೂ ಇಲ್ಲ. ಆಮೇಲೆ ಅತ್ತೆ ಎಂದೂ ಇಲ್ಲದ ಒಂದು ಸಣ್ಣ ದನಿಯಲ್ಲಿ, "ಇಲ್ಲಿ ಬನ್ನಿ ಎಲ್ರೂ" ಅಂದರು.

ಟವೆಲ್ ಸುತ್ತಿಕೊಂಡ ಬಟಾಣಿ ಎರಡೂ ತೋಳು ಚಾಚಿ ನಿಂತಿದ್ದಳು. ಭುಜದಿಂದ ಮಣಿಕಟ್ಟಿನವರೆಗೆ ಕೆಂಪು ಗೆರೆಗಳು, ಒಂದಕ್ಕೊಂದು ಕೂಡಿ, ನಡುನಡುವೆ ಬಿಳಿ ಕಿಂಡಿ ಬಿಟ್ಟು, ಕಿಟಕಿಯ ಜಾಲರಿ ಪರದೆಯನ್ನು ಯಾರೋ ಚರ್ಮದ ಮೇಲೆ ಅಚ್ಚೊತ್ತಿದ ಹಾಗೆ. ಬಚ್ಚಲಿಗೆ ಹೋಗುವಾಗ ಅದರ ಸುಳಿವೂ ಇರಲಿಲ್ಲ. ನಾನು ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದೆ. ಇಷ್ಟು ನಾಜೂಕಾದ ಕೆಲಸ ನಾನು ಯಾವ ಗಡಿಯಾರದ ಮುಚ್ಚಳದ ಮೇಲೂ ನೋಡಿರಲಿಲ್ಲ.

"ಚೆನ್ನಾಗಿದೆ ಅಲ್ವಾ?" ಎಂದಳು ಬಟಾಣಿ.

ಕೋಣೆಯಲ್ಲಿ ಎಲ್ಲರೂ ಯೋಚನೆಗೆ ಬಿದ್ದರು. ಅತ್ತೆ ಬಂದಾಗಿನಿಂದ ಮಗು ಅತ್ತೆಯ ಕಣ್ಣೆದುರಿಗೇ ಇತ್ತು. ಬಚ್ಚಲಲ್ಲಿ ಅವರಿಬ್ಬರೇ. ಇದೂ ಯಾರೋ ಮಾಡಿದ ಗುರುತೇ ಆಗಿದ್ದರೆ, ಮಾಡಿದವರು ಯಾರೆಂದು ಹೇಳಲು ವಕೀಲರು ಬೇಕಾಗಿರಲಿಲ್ಲ. ಆಪರೇಟರಮ್ಮ ಅತ್ತೆಯನ್ನು ಒಂದು ಥರ ನೋಡಿದರು. ಅತ್ತೆ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

"ನಾನು ನೀರು ಹಾಕಿದ್ದು ಅಷ್ಟೇ" ಎಂದರು.

"ನಾನು ತಟ್ಟಿದ್ದು ಅಷ್ಟೇ" ಎಂದ ಶೇಡ್ ಕಾರ್ಡ್.

ಅವನ ದನಿಯಲ್ಲಿ ಗೆದ್ದ ಸಡಗರವಿರಲಿಲ್ಲ, ಹೆದರಿಕೆಯಿತ್ತು. ಜೇಬಿನಿಂದ ಕಾರ್ಡ್ ತೆಗೆದವನು, ಬಿಚ್ಚದೆ ಮತ್ತೆ ಒಳಗಿಟ್ಟು, "ಡಾಕ್ಟ್ರ ಹತ್ರ ಹೋಗೋಣ" ಅಂದ. ಬೆಳಿಗ್ಗೆಯಿಂದ ಅವನು ಆಡಿದ ಮೊದಲ ಬುದ್ಧಿವಂತಿಕೆಯ ಮಾತು ಅದು. ನಮಗ್ಯಾರಿಗೂ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ ಎನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಸಾಲಾಗಿ ಒಳಗೆ ಬಂದ ನಮ್ಮನ್ನು ನೋಡಿದರು: ಮಗು, ಅಪ್ಪ, ಅಜ್ಜಿ, ತಾತ, ನಾನು, ಆಪರೇಟರಮ್ಮ. "ಇಷ್ಟೂ ಜನಕ್ಕೆ ಹುಷಾರಿಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಟಾಣಿಯ ಕೆನ್ನೆ ನೋಡಿ ಮುಗುಳ್ನಕ್ಕರು.

"ಯಾರು ಹೊಡೆದ್ರು ಅಂತ ಜಗಳ ಆಗಿದೆಯಾ?"

ನಾವೆಲ್ಲ ಬೆಪ್ಪಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಆಗಾಗ ಒಬ್ಬ ಅಪ್ಪನೋ ಅಮ್ಮನೋ ಹೀಗೇ ಮುಖ ಸಪ್ಪೆ ಮಾಡ್ಕೊಂಡು ಬರ್ತಾರೆ" ಎಂದರು ಡಾಕ್ಟರ್, ಬಟಾಣಿಯ ತೋಳಿನ ಜಾಲರಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತುತ್ತಾ. "ಕೆನ್ನೆಗೆ ಬಾರಿಸಿದ ಹಾಗೆ ಕಾಣೋದೇ ಈ ಕಾಯಿಲೆ ಲಕ್ಷಣ. ವೈರಸ್ಸಿಂದ ಬರುತ್ತೆ. ಮೊದಲು ಒಂದು ನೆಗಡಿ, ಸ್ವಲ್ಪ ಜ್ವರ. ಅದು ವಾಸಿ ಆಯ್ತು ಅಂತ ನಾವು ಮರೆತುಬಿಡ್ತೀವಿ. ಆಮೇಲೆ ಕೆನ್ನೆ, ಆಮೇಲೆ ಮೈಮೇಲೆ ಈ ಬಲೆ. ಹೆದರೋದು ಬೇಡ. ಹಳೇ ಕಾಲದ ಡಾಕ್ಟ್ರುಗಳು ಮಕ್ಕಳಿಗೆ ಬರೋ ದದ್ದುಗಳಿಗೆಲ್ಲ ನಂಬರ್ ಕೊಟ್ಟಿದ್ರು. ಇದು ಐದನೇದು. ಈಗಲೂ ಇದಕ್ಕೆ ಐದನೇ ಕಾಯಿಲೆ ಅಂತಾನೇ ಹೆಸರು."

ಶೇಡ್ ಕಾರ್ಡ್‌ನ ಮುಖ ಬಿಳಿಚಿಕೊಂಡಿತು. "ಐದನೇದಾ? ಮೊದಲಿನ ನಾಲ್ಕು ಯಾವಾಗ ಬಂದ್ವು? ನಂಗೆ ಗೊತ್ತೇ ಆಗ್ಲಿಲ್ವಲ್ಲ."

ನಾಲ್ಕೂ ಬರಲೇಬೇಕೆಂದಿಲ್ಲ, ಕ್ರಮವಾಗಿ ಬರಬೇಕೆಂದೂ ಇಲ್ಲ ಎಂದು ಅವನಿಗೆ ಅರ್ಥ ಮಾಡಿಸಲು ಡಾಕ್ಟರಿಗೆ ಸಾಕುಸಾಕಾಯಿತು. ಔಷಧಿ ಏನು ಎಂದು ಅತ್ತೆ ಕೇಳಿದರು. ಏನೂ ಬೇಡ, ತಾನಾಗಿ ಹೋಗುತ್ತದೆ, ತುಂಬಾ ತುರಿಸಿದರೆ ಮಾತ್ರ ಬನ್ನಿ ಅಂದರು. ಎಣ್ಣೆ ಬಟ್ಟೆಯಲ್ಲಿ ಉಜ್ಜಬಹುದೇ ಎಂದು ಬಟಾಣಿ ತಾನೇ ಕೇಳಿದಳು. ಖಂಡಿತಾ ಬೇಡ ಎಂಬ ಉತ್ತರವನ್ನು ಅಪ್ಪನ ಕಡೆ ನೋಡುತ್ತಾ ಕೇಳಿಸಿಕೊಂಡಳು. "ಇನ್ನೂ ಕೆಲವು ವಾರ ಬಿಸಿಲಿಗೆ, ಬಿಸಿನೀರಿಗೆ, ಓಡಿದಾಗ, ಇದು ಮತ್ತೆ ಕೆಂಪಗೆ ಮೇಲೆ ಬರಬಹುದು. ಆಗ ಮತ್ತೆ ಪಂಚಾಯ್ತಿ ಸೇರಿಸಬೇಡಿ" ಎಂದು ನಮ್ಮೆಲ್ಲರಿಗೂ ಸೇರಿಸಿ ಹೇಳಿದರು.

"ವೈರಸ್ಸು ಅಂದ್ರಲ್ಲ, ಅಂಟುಜಾಡ್ಯ ಆದ್ರೆ ಸ್ಕೂಲಿಗೆ ಕಳಿಸಬಾರದೇನೋ?" ಎಂದರು ಆಪರೇಟರಮ್ಮ, ಸೆರಗಿನಿಂದ ಮೂಗು ಮುಚ್ಚಿಕೊಂಡು.

"ಅದೇ ಇದರ ತಮಾಷೆ. ಕೆನ್ನೆ ಕೆಂಪಾಗೋ ಹೊತ್ತಿಗೆ ಅಂಟೋ ಕಾಲ ಮುಗಿದಿರುತ್ತೆ. ಅಂಟೋದು ಬರೀ ನೆಗಡಿ ಥರ ಇದ್ದಾಗ. ಅಂದಹಾಗೆ" ಎಂದು ಡಾಕ್ಟರ್ ಪೆನ್ನು ಕೆಳಗಿಟ್ಟರು, "ಆ ನೆಗಡಿ ದಿನಗಳಲ್ಲಿ ಈ ಮಗು ಬಸುರಿ ಹೆಂಗಸು ಯಾರ ಹತ್ರಾನಾದ್ರೂ ಇತ್ತಾ?"

ಅತ್ತೆ ಕುರ್ಚಿಯ ಕೈ ಹಿಡಿದುಕೊಂಡರು. ಹಿಂದಿನ ಭಾನುವಾರ ಬಟಾಣಿ ಮೂಗು ಸೋರಿಸಿಕೊಂಡು ಅಜ್ಜಿಯ ಮನೆಗೆ ಹೋಗಿ, ದಿನವಿಡೀ ಚಿಕ್ಕಮ್ಮನ ಮಡಿಲಲ್ಲಿ ಬಿದ್ದುಕೊಂಡಿದ್ದಳು. ಚಿಕ್ಕಮ್ಮ ಎಂದರೆ ಅತ್ತೆಯ ಚಿಕ್ಕಮಗಳು. ಮೊದಲ ಬಸಿರು, ಹೊಟ್ಟೆ ಆಗಷ್ಟೇ ಕಾಣತೊಡಗಿತ್ತು.

"ಬಹಳ ಸಲ ಏನೂ ಆಗಲ್ಲ" ಎಂದರು ಡಾಕ್ಟರ್, ಈಗ ನಗದೆ. "ಆದ್ರೆ ಅಪರೂಪಕ್ಕೆ ಹೊಟ್ಟೇಲಿರೋ ಮಗುವಿಗೆ ತೊಂದರೆ ಆಗಬಹುದು. ಅವರ ರಕ್ತ ಪರೀಕ್ಷೆ ಮಾಡಿಸಿಬಿಡಿ. ಅವರಿಗೆ ಚಿಕ್ಕವರಿದ್ದಾಗ ಈ ಕಾಯಿಲೆ ಬಂದು ಹೋಗಿದ್ರೆ ಮತ್ತೆ ಬರಲ್ಲ. ಚಿಂತೇನೇ ಇಲ್ಲ. ಬಂದಿತ್ತಾ?"

"ನನ್ನ ಮಕ್ಕಳಿಗೆ ಇಂಥದ್ದೇನೂ ಬಂದಿಲ್ಲ" ಎಂದರು ಅತ್ತೆ. ಜೀವನದಲ್ಲಿ ಮೊದಲ ಸಲ ಆ ಮಾತನ್ನು ಅವರು ಹೆಮ್ಮೆಯಿಲ್ಲದೆ ಹೇಳಿದರು. "ಬಂದಿದ್ರೆ ನಂಗೆ ಗೊತ್ತಿರ್ತಿತ್ತು."

ಮಾವ ಬಾಯಿ ತೆರೆದರು. ಎಲ್ಲರೂ ಅವರತ್ತ ನೋಡಿದ್ದರಿಂದ ಮತ್ತೆ ಮುಚ್ಚಿಕೊಂಡರು.

ಪರೀಕ್ಷೆಯ ಫಲಿತಾಂಶ ಬರುವವರೆಗಿನ ದಿನಗಳು ಕಳೆದದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನನ್ನ ಮೇಜಿನ ಮೇಲಿನ ಒಂದು ಗಡಿಯಾರವೂ ರಿಪೇರಿಯಾಗಲಿಲ್ಲ. ಅತ್ತೆ, ಮಾವ, ಚಿಕ್ಕಮ್ಮ ಮೂವರೂ ಪಕ್ಕದ ಮನೆಯಲ್ಲೇ ಉಳಿದರು. ಆಸ್ಪತ್ರೆ ಹತ್ತಿರ ಎಂಬ ನೆವ. ಸೂಟ್‌ಕೇಸ್ ಬಾಯಿ ತೆರೆದುಕೊಂಡೇ ಮೂಲೆಯಲ್ಲಿತ್ತು. ಅದನ್ನು ತುಂಬುವವರೂ ಇಲ್ಲ, ಖಾಲಿ ಮಾಡುವವರೂ ಇಲ್ಲ. ಶೇಡ್ ಕಾರ್ಡ್ ಅಂಗಡಿಯಲ್ಲಿ ಒಬ್ಬ ಗಿರಾಕಿಗೆ ಹಸಿರಿನ ಬದಲು ನೀಲಿ ಬೆರೆಸಿ ಕೊಟ್ಟನಂತೆ. ಅತ್ತೆ ಚಿಕ್ಕಮಗಳನ್ನು ಗಳಿಗೆಗೊಮ್ಮೆ ಬೆಳಕಿಗೆ ನಿಲ್ಲಿಸಿ ಕೆನ್ನೆ ನೋಡುವರು. ಆಪರೇಟರಮ್ಮ ಕೂಡ ಈ ಸುದ್ದಿಯನ್ನು ಯಾರಿಗೂ ಮುಟ್ಟಿಸಲಿಲ್ಲ. ಕೇಳಿದವರಿಗೆ 'ಲೈನ್ ಸಿಗ್ತಿಲ್ಲ' ಎನ್ನುವಂತೆ ತಲೆಯಾಡಿಸುತ್ತಿದ್ದರು. ಅವರ ಮೇಲಿನ ನನ್ನ ಗೌರವ ಅವತ್ತಿನಿಂದ ಹೆಚ್ಚಾಗಿದೆ.

ಡಾಕ್ಟರ್ ಫೋನ್ ಮಾಡಿದ್ದು ಒಂದು ಬೆಳಿಗ್ಗೆ. ನಾನಾಗ ಪಕ್ಕದ ಮನೆಯಲ್ಲೇ ಇದ್ದೆ, ಬೆಂಕಿಪೊಟ್ಟಣ ಮತ್ತೆ ಖಾಲಿಯಾಗಿತ್ತು. ಚಿಕ್ಕಮ್ಮ ಫೋನ್ ಕಿವಿಗಿಟ್ಟು ಕೇಳಿದಳು. ಮತ್ತೆ ಕೇಳಿದಳು. ಆಮೇಲೆ ಸ್ಟೂಲಿನ ಮೇಲೆ ಧಪ್ಪೆಂದು ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಳುತ್ತಾ ನಕ್ಕಳು.

"ಏನೂ ಇಲ್ವಂತೆ ಅಮ್ಮ. ನಂಗೆ ಈ ಕಾಯಿಲೆ ಯಾವತ್ತೋ ಚಿಕ್ಕವಳಿದ್ದಾಗಲೇ ಬಂದು ಹೋಗಿದೆಯಂತೆ. ರಕ್ತದಲ್ಲಿರೋದು ಹಳೇ ಗುರುತಂತೆ. ಮಗುವಿಗೆ ಏನೂ ಭಯ ಇಲ್ಲ ಅಂದ್ರು."

ಶೇಡ್ ಕಾರ್ಡ್ ಬಟಾಣಿಯನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿದ. ಅತ್ತೆ ಮಾತ್ರ ಇದ್ದಲ್ಲೇ ಇದ್ದರು. ಅವರ ಹುಬ್ಬು ಗಂಟಿಕ್ಕಿತ್ತು. ಯಾವ ಕಪಾಟಿನಲ್ಲೂ ಇಲ್ಲದ ಪುಸ್ತಕವನ್ನು ಯಾರೋ ಕೇಳಿದಂತೆ.

"ಚಿಕ್ಕವಳಿದ್ದಾಗ ಬಂದಿತ್ತಾ? ಯಾವಾಗ? ನಂಗೆ ಗೊತ್ತಿಲ್ದೆ ಯಾವಾಗ ಬಂತು?"

ಕಿಟಕಿಯ ಪಕ್ಕ ಕೂತಿದ್ದ ಮಾವ ತಮ್ಮ ಚಪ್ಪಲಿಗಳನ್ನು ಒಂದರ ಪಕ್ಕ ಒಂದು ಸರಿಯಾಗಿ ಜೋಡಿಸಿದರು.

"ಅವಳು ಎರಡನೇ ಕ್ಲಾಸಲ್ಲಿದ್ದಾಗ" ಎಂದರು. "ನೀನು ಗ್ರಂಥಾಲಯಕ್ಕೆ ಹೋಗಿದ್ದೆ."

ಅವರ ಬಾಯಿಂದ ಅಷ್ಟುದ್ದದ ಮಾತು ಬಂದದ್ದಕ್ಕೇ ನಮಗೆಲ್ಲ ಆಶ್ಚರ್ಯ. ಮಾತಿನ ಅರ್ಥ ತಲೆಗೆ ಹೋಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲರಿಗಿಂತ ಮೊದಲು ಹೋದದ್ದು ಅತ್ತೆಗೆ. ಅವರು ಗಂಡನನ್ನು ನೋಡಿದರು, ಮಗಳ ಕೆನ್ನೆಗಳನ್ನು ನೋಡಿದರು, ಮತ್ತೆ ಗಂಡನನ್ನು ನೋಡಿದರು.

"ಅವತ್ತು ನೀವು ಹೇಳಬಾರದಿತ್ತಾ?"

"ಹೇಳಿದ್ದೆ."

"ಏನಂತ?"

"ಹೊಡೆದಿಲ್ಲ ಅಂತ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಕ್ಷಮೆ ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಕೇಳಿಸಿಕೊಳ್ಳುವ ಅಭ್ಯಾಸ ಮಾವನಿಗೂ ಇರಲಿಲ್ಲ. ಶೇಡ್ ಕಾರ್ಡ್ ಏನೋ ಹೇಳಹೊರಟ, ನಾನು ಅವನ ಕಾಲು ತುಳಿದೆ. ಈ ಸಲ ಅವನು ಯಾಕೆಂದು ಕೇಳಲಿಲ್ಲ.

ಅತ್ತೆ ಎದ್ದರು. ಮೂಲೆಯಲ್ಲಿದ್ದ ಸೂಟ್‌ಕೇಸಿನಿಂದ ಬಟಾಣಿಯ ಟೋಪಿ ತೆಗೆದು ಅವಳ ತಲೆಗೆ ಹಾಕಿದರು. ಅವಳ ಕೈ ಹಿಡಿದು ಕಿಟಕಿಯ ಹತ್ತಿರ ಕರೆತಂದು, ಆ ಪುಟ್ಟ ಕೈಯನ್ನು ಮಾವನ ಕೈಯಲ್ಲಿ ಇಟ್ಟರು.

"ಪಾರ್ಕಿಗೆ ಕರ್ಕೊಂಡು ಹೋಗ್ಬನ್ನಿ" ಎಂದರು. "ನೀವೊಬ್ರೇ."

ಮಾವ ಹೂಂ ಎನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಆ ಕೈಯನ್ನು ಸಡಿಲ ಬಿಡದೆ, ಒಂದೊಂದೇ ಮೆಟ್ಟಿಲು ಇಳಿದು ಹೋದರು. ನಾವೆಲ್ಲ ಕಿಟಕಿಗೆ ಮುಗಿಬಿದ್ದೆವು. ಅತ್ತೆ ಮಾತ್ರ ಬರಲಿಲ್ಲ. ಸೂಟ್‌ಕೇಸಿನಲ್ಲಿದ್ದ ಬಟ್ಟೆಗಳನ್ನು ತೆಗೆದು, ಮಡಿಸಿ, ಅಳಿಯನ ಕಪಾಟಿನಲ್ಲಿ ಒಂದರ ಮೇಲೊಂದು ಇಡುತ್ತಿದ್ದರು.

ಅವರಿಬ್ಬರು ವಾಪಸ್ ಬಂದದ್ದು ಹೊತ್ತು ನೆತ್ತಿಗೇರಿದ ಮೇಲೆ. ಮೆಟ್ಟಿಲ ಮೇಲೆ ಮಾವನ ದನಿ ಕೇಳಿಸುತ್ತಿತ್ತು. ದೊಡ್ಡ ಬಸ್ಸನ್ನು ಹಿಂದಕ್ಕೆ ತಿರುಗಿಸುವುದು ಹೇಗೆಂದು ಮೊಮ್ಮಗಳಿಗೆ ವಿವರವಾಗಿ ಹೇಳುತ್ತಿದ್ದರು. ಬಾಗಿಲು ತೆರೆದಾಗ ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು. ಟೋಪಿ ಮಾವನ ಕೈಯಲ್ಲಿತ್ತು. ಬಟಾಣಿಯ ಎರಡೂ ಕೆನ್ನೆ ಅಗ್ನಿಶಾಮಕ ಠಾಣೆಯ ಬಾಗಿಲಿನಂತೆ ಕೆಂಪಗೆ ಉರಿಯುತ್ತಿದ್ದವು.

ಮಾವನೂ ಅದನ್ನು ಗಮನಿಸಿದ್ದು ಆಗಷ್ಟೇ. ಅವರ ಮಾತು ಅರ್ಧದಲ್ಲಿ ನಿಂತಿತು. ಹಿಡಿ ಸಡಿಲವಾಯಿತು. ಕೆಳಗಿನಿಂದ ಹಿಂಬಾಲಿಸಿಕೊಂಡು ಬಂದಿದ್ದ ಆಪರೇಟರಮ್ಮ, "ಅಯ್ಯೋ, ಮಗು ಕೆನ್ನೆ ನೋಡ್ರಿ" ಎಂದು ಬಾಯಿ ತೆರೆದರು.

"ಬಿಸಿಲಿಗೆ ಹಾಗಾಗುತ್ತೆ" ಎಂದರು ಅತ್ತೆ, ಆಪರೇಟರಮ್ಮನ ಕಡೆ ತಿರುಗಿಯೂ ನೋಡದೆ. "ಆಮೇಲೇನ್ರಿ, ಬಸ್ಸು ತಿರುಗಿಸೋದು ಅರ್ಧಕ್ಕೇ ಬಿಟ್ರಲ್ಲ?"